ಗುಮಟೆಯ ‘ಗುಂ’ ಎಲ್ಲಿ ಹೋಯಿತು?

ಹೋಳಿ ಹತ್ತಿರ ಬಂತೆಂದರೆ ಅಂಕೋಲೆ ಸೀಮೆಯಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡಗಳು ತುರಾಯಿ ಕಟ್ಟಿಕೊಂಡು ಹೊರಡುತ್ತವೆ. ಎದುರಿಗೆ ನಿಂತವರಲ್ಲಿ ಅರ್ಧ ಜನರ ಕೈಯಲ್ಲಿ ಮೊಬೈಲ್. ಆ ವಿಡಿಯೊವನ್ನು ಕಾರವಾರದ ಹಬ್ಬುವಾಡದ ಯಾವುದೋ ಮನೆಯಲ್ಲಿ ಕೂತು ಹಾಕಿ ನೋಡಿದರೆ ಕುಣಿತ ಕಾಣುತ್ತದೆ, ಹಾಡು ಕೇಳುತ್ತದೆ, ಜಾಗಟೆ ಕಿವಿ ಕೊರೆಯುತ್ತದೆ. ಗುಮಟೆ ಮಾತ್ರ ಟಕ್ ಟಕ್ ಅನ್ನುತ್ತದೆ. ಅಲ್ಲಿ ನಿಂತಾಗ ಎದೆಗೆ ಬಡಿದಿದ್ದ ‘ಗುಂ’ ಮಾಯ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಕರಾವಳಿ ಉತ್ಸವ ನಡೆದಾಗ ಆರ್ಕೆಸ್ಟ್ರಾದ ಡ್ರಮ್‌ಸೆಟ್ಟಿಗೂ ಇದೇ ಗತಿ. ಕಾಲಿನಿಂದ ಬಾರಿಸುವ ಆ ದೊಡ್ಡ ಕಿಕ್ ಡ್ರಮ್ ನೆಲ ನಡುಗಿಸುತ್ತಿರುತ್ತದೆ. ರೆಕಾರ್ಡಿಂಗಿನಲ್ಲಿ ಅದು ಯಾರೋ ರಟ್ಟಿನ ಡಬ್ಬಿ ಬಡಿದ ಹಾಗೆ. ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಮೈಕ್ ಚೀಪ್, ಒಳ್ಳೇದು ತಗೊಳ್ಳಿ. ಆ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ದುಡ್ಡು ಕೊಟ್ಟು ತಂದ ಮೈಕಿನಲ್ಲೂ ‘ಗುಂ’ ಬಾರದೆ ತಲೆ ಕೆರೆದುಕೊಂಡವರು, ಸಾವಿರದ ಮೈಕಿನಲ್ಲೇ ಅದನ್ನು ಹಿಡಿದವರು ಇಬ್ಬರೂ ಇದ್ದಾರೆ.

ಎರಡು ದನಿ, ಎರಡು ಬಾಗಿಲು

ಗುಮಟೆ ಅಂದರೆ ಎರಡೂ ಕಡೆ ಬಾಯಿ ಇರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಚಿಕ್ಕ ಬಾಯಿ ಖಾಲಿ. ಹಿಂದೆ ಉಡದ ಚರ್ಮವನ್ನೇ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಉಡವನ್ನು ಮುಟ್ಟುವಂತಿಲ್ಲ. ಆಡಿನ ಚರ್ಮ ಆ ಜಾಗಕ್ಕೆ ಬಂತು. ಗಡಿಯಾಚೆ ಗೋವಾದಲ್ಲಿ ಇದೇ ವಾದ್ಯ ಘುಮಟ್. 2019ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ರಾಜ್ಯದ ಪಾರಂಪರಿಕ ವಾದ್ಯದ ಪಟ್ಟ ಕೊಟ್ಟಿತು.

ಬಾರಿಸುವವನ ಕೈಗಳನ್ನು ನೋಡಿ. ಒಂದು ಕೈ ಚರ್ಮದ ಮೇಲೆ ಬಡಿಯುತ್ತದೆ, ಇನ್ನೊಂದು ಚಿಕ್ಕ ಬಾಯಿಯನ್ನು ಮುಚ್ಚುತ್ತ ತೆಗೆಯುತ್ತ ಇರುತ್ತದೆ. ಬೆರಳು ಚರ್ಮಕ್ಕೆ ತಾಗಿದ ಕ್ಷಣ ಹುಟ್ಟುವ ಚುರುಕಾದ ಸದ್ದನ್ನು ತೊಗಲ ದನಿ ಎಂದು ಕರೆಯೋಣ. ಚರ್ಮ ಒಳಕ್ಕೆ ತಗ್ಗಿದಾಗ ಮಡಕೆಯೊಳಗಿನ ಗಾಳಿ ಕುಗ್ಗುತ್ತದೆ, ಚಿಕ್ಕ ಬಾಯಿಯಲ್ಲಿ ನಿಂತ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ, ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಓಲಾಡುವ ಗಾಳಿಯಿಂದ ಬರುವುದು ಹೊಟ್ಟೆಯ ದನಿ. ಬಾಯಿ ಕಿರಿದಾದಷ್ಟೂ ಈ ಓಲಾಟ ನಿಧಾನ, ದನಿ ತಗ್ಗು. 19ನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಲೆಕ್ಕ ಹಾಕಿ ತೋರಿಸಿದ್ದನ್ನು ಹಾಲಕ್ಕಿ ವಾದಕ ಅಂಗೈಯಲ್ಲಿ ಮಾಡುತ್ತಾನೆ.

ಕಿಕ್ ಡ್ರಮ್ಮಿನಲ್ಲೂ ಇವೆರಡೇ ದನಿ. ಸಾಮಾನ್ಯವಾಗಿ 22 ಇಂಚು ಅಗಲದ ಚರ್ಮ, ಅದರ ಮೇಲೆ ಪೆಡಲಿನ ಗುಂಡು ಬಡಿದಾಗ ಏಳುವ ‘ಟಿಕ್’, ಹಿಂದೆಯೇ ಸೆಕೆಂಡಿಗೆ 50ರಿಂದ 80 ಸಲ ಕಂಪಿಸುವ ‘ಧಂ’. ಮುಂದಿನ ಚರ್ಮದಲ್ಲಿ ಒಂದು ತೂತು ಕೊರೆದಿರುತ್ತಾರಲ್ಲ, ಮೈಕ್ ತೂರಿಸಲೆಂದು? ಅದೂ ಒಂದು ಬಾಗಿಲು. ದನಿ ಒಂದೊಂದಕ್ಕೂ ಹೊರಬರುವ ದಾರಿ ಬೇರೆ ಎಂಬುದು ನೆನಪಿರಲಿ. ಮೈಕನ್ನು ಎಲ್ಲಿಗೆ ತಿರುಗಿಸಬೇಕೆಂಬ ಜಗಳವೆಲ್ಲ ಇಲ್ಲಿಂದಲೇ ಶುರು.

ಮೊದಲ ಅಪರಾಧಿ ಮೈಕ್ ಅಲ್ಲ

ಟಕ್ ಟಕ್ ಅನ್ನುವ ಆ ವಿಡಿಯೊವನ್ನೇ ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿ. ಎಷ್ಟೋ ಸಲ ‘ಗುಂ’ ಒಂದಿಷ್ಟು ಮರಳಿ ಬರುತ್ತದೆ. ಮೊಬೈಲಿನ ಪುಟ್ಟ ಮೈಕು ತಗ್ಗು ದನಿಯನ್ನು ಹಿಡಿಯಬಲ್ಲದು. ಹೊರಗೆ ಹಾಕಲಾಗದ್ದು ಅದರ ಸ್ಪೀಕರಿಗೆ. ಉಗುರಿನಷ್ಟಿರುವ ಆ ತಗಡು ಸೆಕೆಂಡಿಗೆ 70 ಸಲದ ಕಂಪನಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು.

ಹಾಗಾದರೆ ಗಂಡಸಿನ ದನಿ ಮೊಬೈಲಿನಲ್ಲಿ ಸರಿಯಾಗಿಯೇ ಕೇಳುತ್ತದಲ್ಲ? ಅದರ ಮೂಲ ಕಂಪನವೂ ಸೆಕೆಂಡಿಗೆ ನೂರರ ಸುತ್ತಮುತ್ತಲಿನದೇ. ಹಳೆಯ ಟೆಲಿಫೋನ್ ತಂತಿ 300ಕ್ಕಿಂತ ಕೆಳಗಿನದನ್ನು ಸಾಗಿಸುತ್ತಲೇ ಇರಲಿಲ್ಲ, ಆದರೂ ಅಜ್ಜನ ದನಿ ಅಜ್ಜನದೇ ಆಗಿತ್ತು. ಕಂಠದಿಂದ 100ರ ಜೊತೆಗೆ 200, 300, 400 ಎಂದು ಸರಿ ಗುಣಕಗಳ ಸಾಲೇ ಹೊರಡುತ್ತದೆ. ಮೇಲಿನವಷ್ಟೇ ಕಿವಿಗೆ ಬಿದ್ದರೂ ಮಿದುಳು ಅವುಗಳ ನಡುವಿನ ಅಂತರ ನೋಡಿ ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಬಿಗಿದ ಬರೀ ಚರ್ಮ ಈ ಉಪಕಾರ ಮಾಡುವುದಿಲ್ಲ. ಅದರ ಮೇಲಿನ ಕಂಪನಗಳು ಮೂಲದ 1.59 ಪಟ್ಟು, 2.14 ಪಟ್ಟು, 2.30 ಪಟ್ಟು, ಹೀಗೆ ಲೆಕ್ಕಕ್ಕೆ ಸಿಗದ ಅಂತರದಲ್ಲಿರುತ್ತವೆ. ಮಿದುಳು ತುಂಬಿಕೊಳ್ಳಲು ಹಿಡಿಯೇ ಇಲ್ಲ.

ಇದಕ್ಕೊಂದು ಅಪವಾದವಿದೆ, ಬಿಟ್ಟು ಹೋಗಲು ಮನಸ್ಸಾಗದು. ಮೃದಂಗ, ತಬಲಾಗಳ ಚರ್ಮದ ನಡುವಿನ ಕಪ್ಪು ಕರಣೆ ಆ ಅಡ್ಡಾದಿಡ್ಡಿ ಕಂಪನಗಳನ್ನು ಎಳೆದು ಸರಿ ಗುಣಕಗಳಿಗೆ ತಂದು ಕೂರಿಸುತ್ತದೆ. ಸಿ.ವಿ. ರಾಮನ್ 1920ರಲ್ಲೇ ಇದನ್ನು ಗುರುತಿಸಿದ್ದರು. 1934ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ವಿಸ್ತಾರವಾದ ಪ್ರಬಂಧ ಬರೆದು ಚರ್ಮದ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಬಂದು ಸೇರುತ್ತವೆ ಎಂದು ತೋರಿಸಿದರು. ಗುಮಟೆಗೆ ಕರಣೆ ಇಲ್ಲ, ಕಿಕ್ ಡ್ರಮ್ಮಿಗೂ ಇಲ್ಲ. ಅವುಗಳ ತಗ್ಗು ದನಿ ಬೇಕೆಂದರೆ ನಿಜವಾಗಿಯೇ ಹಿಡಿಯಬೇಕು, ನಿಜವಾಗಿಯೇ ನುಡಿಸಬೇಕು. ಆದ್ದರಿಂದ ಮೈಕನ್ನು ಬೈಯುವ ಮೊದಲು ಸ್ಪೀಕರ್ ಬದಲಾಯಿಸಿ ಕೇಳುವುದು ಲೇಸು.

ಇಪ್ಪತ್ತು ಸಾವಿರ ಎಲ್ಲಿಗೆ ಹೋಗುತ್ತದೆ?

ಅಂಗಡಿಯಲ್ಲಿ ಎರಡು–ಮೂರು ಸಾವಿರಕ್ಕೂ ಮೈಕ್ ಇದೆ, 15–20 ಸಾವಿರಕ್ಕೂ ಇದೆ. ಎರಡನ್ನೂ ಬಿಚ್ಚಿದರೆ ಒಳಗಿರುವುದು ಹೆಚ್ಚುಕಡಿಮೆ ಒಂದೇ: ತೆಳು ಪ್ಲಾಸ್ಟಿಕ್ ಪೊರೆ, ಅದಕ್ಕೆ ಅಂಟಿಸಿದ ತಂತಿಯ ಸುರುಳಿ, ಸುತ್ತ ಒಂದು ಅಯಸ್ಕಾಂತ. ಗಾಳಿ ಪೊರೆಯನ್ನು ಅಲುಗಿಸುತ್ತದೆ, ಅಯಸ್ಕಾಂತದ ನಡುವೆ ಸುರುಳಿ ಅಲುಗಿ ವಿದ್ಯುತ್ತು ಹುಟ್ಟುತ್ತದೆ. ಮಿಡಿವ ಸುರುಳಿಯ ಈ ಮೈಕನ್ನೇ ಸೌಂಡಿನವರು ಡೈನಮಿಕ್ ಅನ್ನುವುದು.

ದುಬಾರಿ ಕಿಕ್ ಮೈಕ್ ಇದ್ದುದನ್ನು ಇದ್ದ ಹಾಗೆ ಕೇಳುತ್ತದೆ ಎಂದು ಅನೇಕರು ನಂಬಿದ್ದಾರೆ. ಇದ್ದ ಹಾಗೆ ಕೇಳುವುದು ಅದರ ಕೆಲಸವೇ ಅಲ್ಲ. ಆಸ್ಟ್ರಿಯಾ ಮೂಲದ ಎಕೆಜಿ ಕಂಪನಿಯ ಡಿ112 ನೋಡಿ. ಸೆಕೆಂಡಿಗೆ 100ರ ಆಸುಪಾಸಿನ ತಗ್ಗು ಕಂಪನವನ್ನು ಅದು ಸ್ವಲ್ಪ ಎತ್ತಿ ಕೊಡುತ್ತದೆ, 4,000ದ ಆಸುಪಾಸಿನಲ್ಲಿ ಇನ್ನೊಮ್ಮೆ ಎತ್ತುತ್ತದೆ. ಒಂದರಲ್ಲಿ ‘ಧಂ’, ಇನ್ನೊಂದರಲ್ಲಿ ‘ಟಿಕ್’. ಅಂದರೆ ಹೊಟ್ಟೆಯ ದನಿ, ತೊಗಲ ದನಿ ಎರಡನ್ನೂ ಮುಂದೆ ತಂದು ನಡುವಿನ ಡಬ್ಬಿ ಸದ್ದನ್ನು ಹಿಂದೆ ಸರಿಸುತ್ತದೆ. ಅಮೆರಿಕದ ಶೂರ್ ಕಂಪನಿಯ ಬೀಟಾ 52ಎ ಮಾಡುವುದೂ ಇದೇ ಕೆಲಸ. ಆಡಿಕ್ಸ್ ಡಿ6ರಲ್ಲಿ ಈ ತಗ್ಗು–ಏರು ಇನ್ನೂ ಜೋರು. ಆ ಮೈಕಿನಲ್ಲಿ ಎಲ್ಲ ಡ್ರಮ್ಮೂ ಒಂದೇ ಡ್ರಮ್ಮಿನಂತೆ ಕೇಳುತ್ತದೆ ಎಂಬ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಗುಮಟೆಗೆ ಅದನ್ನು ಹಿಡಿದರೆ ರಾಕ್ ಸಂಗೀತದ ಅಳತೆಗೆ ಹೊಲಿದ ಅಂಗಿಯನ್ನು ಅದಕ್ಕೆ ತೊಡಿಸಿದಂತೆಯೇ.

ಹೀಗೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು, ದನಿಯನ್ನು ಮೊದಲೇ ತಿದ್ದಿಟ್ಟದ್ದಕ್ಕೆ. ಅದೇ ತಿದ್ದುಪಡಿಯನ್ನು ಮಿಕ್ಸರಿನ ಗುಬುಟು ತಿರುಗಿಸಿ ಬಹುಮಟ್ಟಿಗೆ ಮಾಡಿಕೊಳ್ಳಬಹುದು, ಮೈಕು ಆ ತಗ್ಗು ದನಿಯನ್ನು ಹಿಡಿದಿದ್ದರೆ. ಮೈಕ್ ಹಿಡಿಯದೇ ಬಿಟ್ಟದ್ದನ್ನು ಯಾವ ಗುಬುಟೂ ಹುಟ್ಟಿಸಲಾರದು. ಇನ್ನೊಂದು ಪಾಲು ಗಟ್ಟಿತನಕ್ಕೆ, ಹತ್ತು ಮೈಕ್ ಕೊಂಡರೆ ಹತ್ತೂ ಒಂದೇ ತರಹ ಕೇಳುವಂತೆ ಮಾಡಿದ್ದಕ್ಕೆ, ಸ್ಟ್ಯಾಂಡಿನ ಅಲುಗಾಟ ಒಳಗಿನ ಪೊರೆಗೆ ತಾಗದಂತೆ ರಬ್ಬರಿನ ಮೇಲೆ ಕೂರಿಸಿದ್ದಕ್ಕೆ. ಕಿಕ್ ಡ್ರಮ್ಮಿನ ಪಕ್ಕ ಈ ಕೊನೆಯದಕ್ಕೆ ಬೆಲೆ ಇದೆ. ಅಲ್ಲಿ ನೆಲವೇ ಕುಣಿಯುತ್ತಿರುತ್ತದೆ.

ಇನ್ನು ಹೆಚ್ಚು ಸದ್ದನ್ನು ತಾಳುವ ಮಾತು. ಡಿ112 160 ಡೆಸಿಬಲ್ ದಾಟಿದರೂ ಒಡೆಯುವುದಿಲ್ಲ ಎಂದು ಪ್ರಚಾರ. ನಿಜವೇ, ಆದರೆ ಅಗ್ಗದ ಡೈನಮಿಕ್ ಮೈಕೂ ಡ್ರಮ್ಮಿನ ಹೊಡೆತಕ್ಕೆ ಸುಲಭವಾಗಿ ಒಡೆಯುವಂಥದ್ದಲ್ಲ. ‘ಪರ್‌ರ್’ ಎಂದು ದನಿ ಹರಿದರೆ ಮೊದಲು ಮಿಕ್ಸರಿನ ಗೇನ್ ಇಳಿಸಿ ನೋಡಬೇಕು. ಮೊಬೈಲಿನ ಮೈಕ್ ಮಾತ್ರ 120–130 ಡೆಸಿಬಲ್ಲಿಗೇ ಸುಸ್ತು.

ಸುರುಳಿ ಇಲ್ಲದ ಕಂಡೆನ್ಸರ್ ಮೈಕುಗಳ ಲೋಕ ಬೇರೆ. ನಾಯ್ಮನ್ ಕಂಪನಿಯ ಯು47 ಎಫ್‌ಇಟಿಯನ್ನು ಕಿಕ್ ಡ್ರಮ್ಮಿನ ಮುಂದೆ ಇಡುವ ಸ್ಟುಡಿಯೊಗಳಿವೆ, ಬೆಲೆ ಲಕ್ಷಗಳಲ್ಲಿ. ಕಾರವಾರದ ಮಳೆಗಾಲದ ತೇವ, ಉಪ್ಪುಗಾಳಿ ಕಂಡೆನ್ಸರಿಗೆ ಆಗಿಬರುವುದಿಲ್ಲ, ಪೊರೆಗೆ ಪಸೆ ಹಿಡಿದರೆ ಚಟಪಟ ಅನ್ನಲು ಶುರು ಮಾಡುತ್ತದೆ. ಅಂಗಳದ ಕುಣಿತಕ್ಕೆ ಸುರುಳಿ ಮೈಕೇ ಸೈ.

ಪಾತಿ ದೋಣಿ ಮತ್ತು ಉದ್ದನೆಯ ಅಲೆ

ಈಗ ಅಸಲು ವಿಷಯ. ವೇದಿಕೆಯ ಮೈಕುಗಳಲ್ಲಿ ಬಹುಪಾಲು ‘ತೆರೆದ ಬೆನ್ನಿನವು’. ಸೌಂಡಿನವರು ಕಾರ್ಡಿಯಾಯ್ಡ್ ಅನ್ನುವುದು ಇವನ್ನೇ. ಮೈಕಿನ ಜಾಲರಿಯ ಹಿಂದೆ, ಕತ್ತಿನ ಸುತ್ತ ಸಣ್ಣ ಸೀಳುಗಳಿರುತ್ತವೆ, ನೋಡಿ. ಸದ್ದು ಮುಂದಿನಿಂದ ಪೊರೆಯ ಮೇಲೆ ಒತ್ತುತ್ತದೆ, ಆ ಸೀಳುಗಳ ಮೂಲಕ ಸುತ್ತಿ ಬಂದು ಬೆನ್ನಿನ ಮೇಲೂ ಒತ್ತುತ್ತದೆ. ಪೊರೆ ಅಲುಗುವುದು ಈ ಎರಡು ಒತ್ತಡಗಳ ವ್ಯತ್ಯಾಸಕ್ಕೆ. ಹಿಂದಿನಿಂದ ಬಂದ ಸದ್ದಿಗೆ ಕಿವುಡಾಗಲಿ, ಮೈಕ್ ಕಿರುಚದಿರಲಿ ಎಂದು ಮಾಡಿದ ಉಪಾಯ ಇದು. ಅದರ ಬೆಲೆ ತೆರುವುದು ತಗ್ಗು ದನಿ.

ಕಾಳಿ ನದಿ ಕಡಲು ಸೇರುವಲ್ಲಿ ತೇಲುವ ಪಾತಿ ದೋಣಿಯನ್ನು ನೆನಪಿಸಿಕೊಳ್ಳಿ. ಗಿಡ್ಡ ಅಲೆ ಬಂದರೆ ಮೂತಿ ಏಳುತ್ತದೆ, ಬಾಲ ಮುಳುಗುತ್ತದೆ, ದೋಣಿ ಓಲಾಡುತ್ತದೆ. ದೂರದಿಂದ ಬಂದ ಉದ್ದನೆಯ ಹೊಯ್ಲಿನಲ್ಲಿ ಮೂತಿ–ಬಾಲ ಎರಡೂ ಒಟ್ಟಿಗೇ ಮೇಲೇರಿ ಒಟ್ಟಿಗೇ ಇಳಿಯುತ್ತವೆ. ಒಳಗೆ ಕೂತವನಿಗೆ ಓಲಾಟವೇ ಗೊತ್ತಾಗದು. ತೆರೆದ ಬೆನ್ನಿನ ಮೈಕ್ ಓಲಾಟವನ್ನಷ್ಟೇ ಅಳೆಯುವ ದೋಣಿ.

ಕರಾವಳಿಯ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಸೆಕೆಂಡಿಗೆ 3,500 ಕಂಪನದ ‘ಟಿಕ್’ನ ಅಲೆಯ ಉದ್ದ 10 ಸೆಂಟಿಮೀಟರ್. 70 ಕಂಪನದ ‘ಗುಂ’ನ ಅಲೆಯ ಉದ್ದ 5 ಮೀಟರ್. ಮೈಕಿನ ಮುಂದಿನಿಂದ ಬೆನ್ನಿಗೆ ಸುತ್ತಿ ಹೋಗುವ ದಾರಿ 3 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 10 ಸೆಂಟಿಮೀಟರಿನ ಅಲೆಗೆ ಆ ದಾರಿ ದೊಡ್ಡದು. ಮುಂದೆ ಉಬ್ಬು ಇರುವಾಗ ಹಿಂದೆ ತಗ್ಗು ಇರಬಹುದು. 5 ಮೀಟರಿನ ಅಲೆಗೆ ಅದು ಏನೇನೂ ಅಲ್ಲ, ಮುಂದೆ–ಹಿಂದಿನ ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟು ಬಂದರೆ ಹೆಚ್ಚು. ತಯಾರಕರು ಪೊರೆಯನ್ನು ಹದ ಮಾಡಿ ಈ ಕೊರತೆಯನ್ನು ಒಂದಿಷ್ಟು ತುಂಬಿರುತ್ತಾರೆ. ಅಗ್ಗದ ಮೈಕುಗಳಲ್ಲಿ ಈ ತುಂಬುವಿಕೆ ಬೇಗ ಕೈಕೊಡುತ್ತದೆ. ಬೆಲೆಯ ವ್ಯತ್ಯಾಸ ನಿಜವಾಗಿ ಕೇಳಿಸುವ ಜಾಗ ಇದು.

ಇಷ್ಟೂ ದೂರದ ಸದ್ದಿನ ಕಥೆ. ಹತ್ತಿರಕ್ಕೆ ಬಂದಾಗ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಚಿಕ್ಕ ಬಾಯಿಂದ ಹೊರಟ ಸದ್ದು ದೂರ ಹೋದಂತೆ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಒತ್ತಡ ಅರ್ಧ. ಗುಮಟೆಯ ಬಾಯಿಂದ ಒಂದು ಮೀಟರ್ ಆಚೆ ಮೈಕ್ ಇದ್ದರೆ ಅದರ ಮುಂಭಾಗ 100 ಸೆಂಟಿಮೀಟರಿನಲ್ಲಿ, ಬೆನ್ನು 103ರಲ್ಲಿ. ತೆಳುವಾದದ್ದು ನೂರಕ್ಕೆ ಮೂರು ಪಾಲು. ಅದೇ ಮೈಕನ್ನು 5 ಸೆಂಟಿಮೀಟರಿಗೆ ತನ್ನಿ. ಮುಂಭಾಗ 5ರಲ್ಲಿ, ಬೆನ್ನು 8ರಲ್ಲಿ. ಬೆನ್ನಿಗೆ ತಲುಪುವ ಒತ್ತಡ ಮುಂದಿನದರ ಎಂಟರಲ್ಲಿ ಐದು ಪಾಲು ಮಾತ್ರ. ವ್ಯತ್ಯಾಸ ನೂರಕ್ಕೆ 37. ಅಲೆ ಎಷ್ಟೇ ಉದ್ದವಿರಲಿ, ಈ ವ್ಯತ್ಯಾಸ ಇದ್ದೇ ಇರುತ್ತದೆ. ಟ್ರಾಲರಿನ ಮಗ್ಗುಲಿಗೇ ಬಂದ ಪಾತಿಗೆ ಒಂದು ಕಡೆ ಏರು ನೀರು, ಇನ್ನೊಂದು ಕಡೆ ಇಳಿಜಾರು, ಓಲದೆ ವಿಧಿಯಿಲ್ಲ.

‘ಟಿಕ್’ಗೆ ಇದರಿಂದ ಹೆಚ್ಚಿನ ಲಾಭವಿಲ್ಲ, ಅದಕ್ಕೆ ಮೊದಲೇ ಸಾಕಷ್ಟು ವ್ಯತ್ಯಾಸ ಸಿಗುತ್ತಿತ್ತು. ತಗ್ಗು ದನಿಗೆ ಮಾತ್ರ ಹಬ್ಬ. ಇದನ್ನು ಹತ್ತಿರದ ಉಬ್ಬು ಎನ್ನೋಣ. ಎಂಜಿನಿಯರುಗಳ ಪ್ರಾಕ್ಸಿಮಿಟಿ ಎಫೆಕ್ಟ್. ಯಕ್ಷಗಾನದ ಭಾಗವತರು ಮೈಕಿಗೆ ತುಟಿ ತಾಗಿಸಿದ ಕೂಡಲೇ ದನಿ ಗಡಸಾಗುವುದೂ ಇದರಿಂದಲೇ. ಎರಡು ಸಾವಿರದ ಮೈಕನ್ನು ನಾಲ್ಕು ಬೆರಳು ಹತ್ತಿರ ತಂದರೆ ಬರುವ ‘ಗುಂ’, ಇಪ್ಪತ್ತು ಸಾವಿರದ ಮೈಕನ್ನು ಎರಡು ಅಡಿ ದೂರ ಇಟ್ಟರೆ ಬರುವುದಿಲ್ಲ. ಕಿಕ್ ಡ್ರಮ್ಮಿನ ಅಗಲ ಚರ್ಮದ ಮುಂದೆ ಉಬ್ಬು ಇಷ್ಟು ಚೊಕ್ಕವಾಗಿರುವುದಿಲ್ಲ, ಸದ್ದು ಒಂದೇ ಬಿಂದುವಿನಿಂದ ಹೊರಡುವುದಿಲ್ಲವಲ್ಲ. ಗುಮಟೆಯ ಚಿಕ್ಕ ಬಾಯಿಯ ಎದುರು ಲೆಕ್ಕ ಹೆಚ್ಚು ಕೂಡುತ್ತದೆ. ಮೊಬೈಲಿನ ಮೈಕಿಗೆ, ಕಾಲರಿಗೆ ಸಿಕ್ಕಿಸುವ ಓಮ್ನಿ ಮೈಕಿಗೆ ಬೆನ್ನು ಮುಚ್ಚಿರುತ್ತದೆ. ಎಷ್ಟು ಹತ್ತಿರ ಹಿಡಿದರೂ ಉಬ್ಬು ಸಿಗದು.

ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ಡ್ರಮ್ಮಿಗೆ ಎರಡು ಅಡಿಗಿಂತ ಹತ್ತಿರ ಮೈಕ್ ಇಡಬಾರದೆಂಬ ಕಟ್ಟಳೆ ಇತ್ತು, ಗಾಳಿಯ ಹೊಡೆತಕ್ಕೆ ಮೈಕ್ ಹಾಳಾದೀತು ಎಂಬ ಭಯ. 1966ರಲ್ಲಿ ಬೀಟಲ್ಸ್ ತಂಡದ ‘ರಿವಾಲ್ವರ್’ ಧ್ವನಿಮುದ್ರಣದ ಹೊತ್ತಿಗೆ ಎಂಜಿನಿಯರ್ ಜೆಫ್ ಎಮರಿಕ್ ಆ ಕಟ್ಟಳೆ ಮುರಿದು, ರಿಂಗೊ ಸ್ಟಾರ್‌ನ ಕಿಕ್ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ ಮೈಕನ್ನು ಚರ್ಮದ ಹತ್ತಿರಕ್ಕೇ ಸರಿಸಿದ. ಇಂದು ನಾವು ಕಿಕ್ ಡ್ರಮ್ಮಿನ ‘ಸರಿಯಾದ’ ಸದ್ದು ಎಂದುಕೊಂಡಿರುವುದರ ತಾಯಿಬೇರು ಅಲ್ಲಿದೆ.

ಹೋಲಿಸುವಾಗ ಕಿವಿ ಮೋಸ ಹೋಗುವ ಬಗೆ

ಎರಡು ಮೈಕ್ ಹೋಲಿಸಲು ಹೊರಟವರು ಸಾಮಾನ್ಯವಾಗಿ ಒಂದನ್ನು ಇಟ್ಟು ಬಾರಿಸಿ, ತೆಗೆದು, ಇನ್ನೊಂದನ್ನು ಇಡುತ್ತಾರೆ. ಅಷ್ಟರಲ್ಲಿ ಹೊಡೆತ ಬದಲಾಯಿತು, ಜಾಗ ಎರಡು ಬೆರಳು ಸರಿಯಿತು. ಮೇಲಿನ ಲೆಕ್ಕ ನೋಡಿದವರಿಗೆ ಎರಡು ಬೆರಳು ಎಂದರೆ ಏನೆಂದು ಗೊತ್ತು. ಎರಡೂ ಮೈಕುಗಳನ್ನು ಮೂತಿಗೆ ಮೂತಿ ಜೋಡಿಸಿ ಕಟ್ಟಿ, ಒಂದೇ ಹೊಡೆತವನ್ನು ಎರಡರಲ್ಲೂ ಒಟ್ಟಿಗೆ ಹಿಡಿಯಬೇಕು.

ಆಮೇಲೂ ಒಂದು ಬಲೆ ಇದೆ. ಕೆಲವು ಮೈಕ್ ಅದೇ ಸದ್ದಿಗೆ ಹೆಚ್ಚು ವಿದ್ಯುತ್ತು ಕೊಡುತ್ತವೆ, ಹಾಗಾಗಿ ಜೋರಾಗಿ ಕೇಳುತ್ತವೆ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದಂತೆ ನಮ್ಮ ಕಿವಿ ಮೆಲುಸದ್ದಿನಲ್ಲಿ ತಗ್ಗು ದನಿಗೆ ಮಂದ. ಸದ್ದು ಏರಿದಂತೆ ಬೇಸ್ ತಾನಾಗಿ ತುಂಬಿ ಬರುತ್ತದೆ. ಜೋರಾದ ಮೈಕಿಗೆ ಬೇಸ್ ಹೆಚ್ಚು ಎಂದು ತೀರ್ಪು ಕೊಟ್ಟವರು ಅನೇಕ ಸಲ ತಮ್ಮ ಕಿವಿಯ ಗುಣಕ್ಕೆ ಮೈಕಿನ ಹೆಸರು ಕೊಟ್ಟಿರುತ್ತಾರೆ. ಎರಡನ್ನೂ ಸಮ ಮಟ್ಟಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ ಬೆಲೆಯ ಗತ್ತು ಎಷ್ಟೋ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ: ತೀರ ಕೆಳಗಿನ ಕಂಪನಗಳಲ್ಲಿ, ಜೊತೆಗೆ ಪಕ್ಕದ ಜಾಗಟೆಯನ್ನು ಎಷ್ಟು ದೂರ ಇಡುತ್ತದೆ ಎಂಬುದರಲ್ಲಿ ಒಳ್ಳೆಯ ಮೈಕ್ ತನ್ನ ಗುಣ ತೋರಿಸಿಯೇ ತೋರಿಸುತ್ತದೆ.

ಗುಜರಿಯ ಸ್ಪೀಕರ್

ಎಲ್ಲಕ್ಕಿಂತ ತಗ್ಗು ದನಿ ಹಿಡಿಯಲು ಸ್ಟುಡಿಯೊಗಳು ಬಳಸುವ ಒಂದು ಸಾಧನಕ್ಕೆ ಸರಿಯಾಗಿ ನೋಡಿದರೆ ಮೈಕ್ ಎಂಬ ಹೆಸರೇ ಸಲ್ಲದು. ಅದೊಂದು ಸ್ಪೀಕರ್. ಸುರುಳಿ, ಅಯಸ್ಕಾಂತ, ಪೊರೆ ಇಲ್ಲೂ ಇವೆ, ತಂತಿಗೆ ವಿದ್ಯುತ್ತು ಕೊಟ್ಟರೆ ಸದ್ದು. ಸದ್ದು ಕೊಟ್ಟರೆ ವಿದ್ಯುತ್ತು. ಯಮಹಾ ಕಂಪನಿಯ ಎನ್‌ಎಸ್10 ಸ್ಪೀಕರಿನ ಕೋನನ್ನು ಬಿಚ್ಚಿ ಕಿಕ್ ಡ್ರಮ್ಮಿನ ಮುಂದೆ ತೂಗುಹಾಕುವ ಅಭ್ಯಾಸ ಎಷ್ಟು ಹಬ್ಬಿತೆಂದರೆ, ಯಮಹಾದವರೇ ಸ್ಪೀಕರನ್ನು ಚಿಕ್ಕ ಡ್ರಮ್ಮಿನ ಚೌಕಟ್ಟಿನಲ್ಲಿ ಕೂರಿಸಿ ‘ಸಬ್‌ಕಿಕ್’ ಎಂದು ಮಾರಿದರು. ಅಗಲವಾದ, ಭಾರವಾದ ಆ ಕೋನು ಚುರುಕು ಸದ್ದಿಗೆ ಅಲುಗಲಾರದು, ನಿಧಾನ ಕಂಪನಕ್ಕೆ ಸಲೀಸಾಗಿ ಮಣಿಯುತ್ತದೆ.

ಹಳೆಯ ಕಾರಿನ ಆರು ಇಂಚಿನ ಸ್ಪೀಕರ್ ಗುಜರಿಯಲ್ಲಿ ಸಿಕ್ಕರೆ ಅದರ ಎರಡು ತುದಿಗೆ ಮೈಕಿನ ಕೇಬಲ್ ಬೆಸೆದು ಗುಮಟೆಯ ಚಿಕ್ಕ ಬಾಯಿಯ ಎದುರು, ವಾದಕನ ಕೈ ಆಡಲು ಗೇಣು ಜಾಗ ಬಿಟ್ಟು ನಿಲ್ಲಿಸಿ. ಮಿಕ್ಸರಿನ ಗೇನ್ ಕಡಿಮೆಯಿಂದ ಶುರು ಮಾಡಿ. ಸ್ಪೀಕರ್ ಕೊಡುವ ವಿದ್ಯುತ್ತು ಮೈಕಿನದಕ್ಕಿಂತ ಜೋರಾಗಿರಬಹುದು. ಕೇಳಿಸುವುದು ಬರೀ ಹೊಟ್ಟೆಯ ದನಿ, ಬೆರಳಿನ ಸುಳಿವೇ ಇಲ್ಲದ ಮಬ್ಬು ‘ಗುಂ’. ಅದರ ಜೊತೆಗೆ ಚರ್ಮದ ಕಡೆ ಎರಡು ಸಾವಿರದ ಆ ಅಗ್ಗದ ಮೈಕನ್ನು ಇಟ್ಟು ಎರಡನ್ನೂ ಕೂಡಿಸಬೇಕು. ಕೂಡಿಸಿದ ಕೂಡಲೇ ದನಿ ತುಂಬುವ ಬದಲು ಬತ್ತಿತೋ, ಗಾಬರಿ ಬೇಡ. ಚರ್ಮ ಒಳಕ್ಕೆ ಹೋದಾಗ ಅದರ ಮುಂದೆ ಗಾಳಿಯ ಒತ್ತಡ ಇಳಿಯುತ್ತದೆ, ಅದೇ ಹೊತ್ತಿಗೆ ಚಿಕ್ಕ ಬಾಯಲ್ಲಿ ಏರುತ್ತಿರಬಹುದು. ಒಂದರ ಏರನ್ನು ಇನ್ನೊಂದರ ಇಳಿತ ತಿಂದುಹಾಕುತ್ತಿದೆ. ಮಿಕ್ಸರಿನಲ್ಲಿ ಫೇಸ್ ತಿರುಗಿಸುವ ಗುಂಡಿ ಇದ್ದರೆ ಒತ್ತಿ, ಇಲ್ಲದಿದ್ದರೆ ಸ್ಪೀಕರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಬೆಸೆಯಿರಿ.